ಫ್ಲೈಯಿಂಗ್ ಸ್ಕಾಟ್ಸ್‌ಮನ್ ಉಗಿ ಇಂಜಿನ್ನಿಗೆ ‘ಮೂಲ’ ಬಣ್ಣ ಯಾವುದು? ಮರುಬಣ್ಣದ ಕುರಿತು ಚರ್ಚೆ

ಹಳಿಯಂಚು (ಮೈಸೂರು)

ಬ್ರಿಟನ್ನಿನ ಯಾರ್ಕ್ ನಗರದಲ್ಲಿರುವ ರಾಷ್ಟ್ರೀಯ ರೈಲ್ವೆ ವಸ್ತುಸಂಗ್ರಹಾಲಯಕ್ಕೆ ಸೇರಿದ ಫ್ಲೈಯಿಂಗ್ ಸ್ಕಾಟ್ಸ್‌ಮನ್ ಇಂಜಿನ್, ಹತ್ತು ವರ್ಷಗಳ ದುರಸ್ತಿ ಮುಗಿಸಿ 2016ರ ಫೆಬ್ರವರಿ 25ರಂದು ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದಿಂದ ಯಾರ್ಕಿಗೆ ಓಡಿದಾಗ, ಅದರ ಮೈಮೇಲಿದ್ದದ್ದು ಬ್ರಿಟಿಷ್ ರೈಲ್ವೇಸ್ ಕಾಲದ ಕಡು ಹಸಿರು. ಚಾಲಕ ನಿಲ್ಲುವ ಕ್ಯಾಬಿನ ಪಕ್ಕದಲ್ಲಿದ್ದ ಸಂಖ್ಯೆ 60103. ಸೇಬಿನ ಬಣ್ಣದ ತಿಳಿ ಹಸಿರು ಮತ್ತು 4472 ಎಂಬ ಸಂಖ್ಯೆಯನ್ನು ನಿರೀಕ್ಷಿಸಿದ್ದ ಅನೇಕರಿಗೆ ಇದರಿಂದ ನಿರಾಸೆಯಾಯಿತು. ‘ಮೂಲ ಬಣ್ಣವನ್ನೇ ಕೈಬಿಟ್ಟಿದ್ದಾರೆ’ ಎಂಬ ಆಕ್ಷೇಪ ಇಂದಿಗೂ ಕೇಳಿಬರುತ್ತದೆ. ವಸ್ತುಸಂಗ್ರಹಾಲಯದ ನಿರ್ಧಾರ ಸರಿ ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ಒಪ್ಪದವರು ದಯವಿಟ್ಟು ವಿವರವಾಗಿ ಉತ್ತರಿಸಬೇಕು.

ಮೊದಲಿಗೆ ಇಂಜಿನ್ನಿನ ಜಾತಕ. ನೈಜೆಲ್ ಗ್ರೆಸ್ಲಿ ರೂಪಿಸಿದ ಎ1 ವರ್ಗದ ಈ ಇಂಜಿನ್ 1923ರ ಫೆಬ್ರವರಿಯಲ್ಲಿ ಡಾನ್‌ಕಾಸ್ಟರ್ ಕಾರ್ಖಾನೆಯಿಂದ ಹೊರಬಂದಿತು. ಆಗ ಅದಕ್ಕಿದ್ದ ಸಂಖ್ಯೆ 1472, ಹೆಸರು ಇರಲೇ ಇಲ್ಲ. 1924ರಲ್ಲಿ ವೆಂಬ್ಲಿಯ ಬ್ರಿಟಿಷ್ ಸಾಮ್ರಾಜ್ಯ ವಸ್ತುಪ್ರದರ್ಶನಕ್ಕೆ ಅದನ್ನು ಕಳುಹಿಸುವಾಗ ಹೆಸರೂ 4472 ಎಂಬ ಸಂಖ್ಯೆಯೂ ಬಂದವು. 1934ರ ನವೆಂಬರ್ 30ರಂದು ಗಂಟೆಗೆ ನೂರು ಮೈಲಿ ವೇಗ ಮುಟ್ಟಿದ್ದೂ ಇದೇ 4472, ಇದೇ ಎ1 ರೂಪದಲ್ಲಿ. ಯುದ್ಧದ ನಡುವೆ 1943ರಲ್ಲಿ ಕಪ್ಪು ಬಣ್ಣ ಬಂದಿತು. 1946ರಲ್ಲಿ ಲಂಡನ್ ಅಂಡ್ ನಾರ್ತ್ ಈಸ್ಟರ್ನ್ ರೈಲ್ವೆ ತನ್ನ ಇಂಜಿನ್ನುಗಳಿಗೆಲ್ಲ ಹೊಸ ಸಂಖ್ಯೆ ಕೊಟ್ಟಾಗ ಅದು ಮೊದಲು 502 ಆಗಿ, ಕೆಲವೇ ತಿಂಗಳಲ್ಲಿ 103 ಆಯಿತು. 1947ರ ಜನವರಿಯಲ್ಲಿ ಹೆಚ್ಚು ಒತ್ತಡದ ಬಾಯ್ಲರ್ ಕೂಡಿಸಿ ಅದನ್ನು ಎ3 ವರ್ಗಕ್ಕೆ ಪರಿವರ್ತಿಸಲಾಯಿತು. 1948ರಲ್ಲಿ ರೈಲು ಕಂಪನಿಗಳ ರಾಷ್ಟ್ರೀಕರಣವಾಗಿ ಬ್ರಿಟಿಷ್ ರೈಲ್ವೇಸ್ ಹುಟ್ಟಿದ ನಂತರ 60103, ಅದಾದ ಮೇಲೆ ಸ್ವಲ್ಪ ಕಾಲ ನೀಲಿ, 1952ರಿಂದ ಕಡು ಹಸಿರು. 1958ರ ಕೊನೆಯಲ್ಲಿ ಜೋಡಿ ಚಿಮಣಿ, 1961ರಲ್ಲಿ ಹೊಗೆ ತಡೆಯುವ ಪಕ್ಕದ ಫಲಕಗಳು, 1963ರ ಜನವರಿಯಲ್ಲಿ ಸೇವೆಯಿಂದ ನಿವೃತ್ತಿ.

ಈ ಸಾಲನ್ನು ನಿಧಾನವಾಗಿ ಓದಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. 4472 ಎಂಬ ಸಂಖ್ಯೆ ಹೋದದ್ದು 1946ರಲ್ಲಿ, ಎ3 ರೂಪ ಬಂದದ್ದು 1947ರಲ್ಲಿ. ಆದ್ದರಿಂದ ರೈಲ್ವೆಯ ನಿತ್ಯದ ಸೇವೆಯಲ್ಲಿ 4472 ಸಂಖ್ಯೆ ಹೊತ್ತ ಎ3 ರೂಪದ ಫ್ಲೈಯಿಂಗ್ ಸ್ಕಾಟ್ಸ್‌ಮನ್ ಒಂದು ದಿನವೂ ಓಡಿಲ್ಲ. ಇಂದು ನಮ್ಮ ಮುಂದಿರುವ ಲೋಹವಾದರೋ ಎ3. ಮೇಲೆ ಜೋಡಿ ಚಿಮಣಿ, ಪಕ್ಕದಲ್ಲಿ ಫಲಕಗಳು, ಚಾಲಕನ ಜಾಗ ಎಡಕ್ಕೆ (ಮೊದಲು ಬಲಕ್ಕಿತ್ತು, 1954ರಲ್ಲಿ ಬದಲಾಯಿತು). ಈ ನಾಲ್ಕೂ ಲಕ್ಷಣಗಳು ಒಟ್ಟಿಗಿದ್ದ ಕಾಲ 1961ರ ಕೊನೆಯಿಂದ 1963ರ ಆರಂಭದವರೆಗೆ ಮಾತ್ರ. ಆಗ ಅದರ ಬಣ್ಣ ಕಿತ್ತಳೆ ಮತ್ತು ಕಪ್ಪು ಅಂಚುಗೆರೆಯ ಕಡು ಹಸಿರು, ಸಂಖ್ಯೆ 60103. ಸಂಖ್ಯೆ, ಬಣ್ಣ, ಲೋಹ ಮೂರೂ ಒಂದೇ ತಾರೀಖಿಗೆ ಹೊಂದಬೇಕು ಎಂದು ಒಪ್ಪಿದರೆ ಬೇರೆ ಉತ್ತರಕ್ಕೆ ಅವಕಾಶವೇ ಇಲ್ಲ.

ಯಾರ್ಕ್‌ಷೈರ್ ಕನ್ನಡಿಗ (ಲೀಡ್ಸ್)

ಹಳಿಯಂಚು ಅವರೇ, ತಾರೀಖುಗಳ ಬಗ್ಗೆ ನನ್ನ ತಕರಾರಿಲ್ಲ. ಆದರೆ ನೀವು ಜಾತಕವನ್ನು 1963ಕ್ಕೇ ನಿಲ್ಲಿಸಿಬಿಟ್ಟಿದ್ದೀರಿ. ಗುಜರಿಗೆ ಹೋಗಲಿದ್ದ ಇಂಜಿನ್ನನ್ನು ಅದೇ ವರ್ಷ ಉದ್ಯಮಿ ಅಲನ್ ಪೆಗ್ಲರ್ 3,000 ಪೌಂಡ್ ಕೊಟ್ಟು ಕೊಂಡರು. ಜೋಡಿ ಚಿಮಣಿಯನ್ನೂ ಫಲಕಗಳನ್ನೂ ತೆಗೆಸಿ, ಒಂಟಿ ಚಿಮಣಿ ಕೂಡಿಸಿ, ಸೇಬು ಹಸಿರು ಹಚ್ಚಿಸಿ, 4472 ಎಂದು ಬರೆಸಿದರು. ಆ ವೇಷದಲ್ಲಿಯೇ ಅದು 1969ರಲ್ಲಿ ಅಮೆರಿಕಕ್ಕೆ ಹೋಯಿತು; ಅಲ್ಲಿನ ನಿಯಮಕ್ಕೆ ತಕ್ಕಂತೆ ಗಂಟೆಯನ್ನೂ ಹಳಿಯ ಮೇಲಿನ ದನಕರುಗಳನ್ನು ಸರಿಸುವ ಮುಂಗಂಬಿಯನ್ನೂ ಕಟ್ಟಿಕೊಂಡು ಓಡಿತು. ಪೆಗ್ಲರ್ ದಿವಾಳಿಯಾದ ಮೇಲೆ 1973ರಲ್ಲಿ ವಿಲಿಯಂ ಮ್ಯಾಕ್‌ಆಲ್ಪೈನ್ ಅದನ್ನು ಊರಿಗೆ ಮರಳಿ ತಂದರು. ಆಸ್ಟ್ರೇಲಿಯಾದಲ್ಲಿ 1989ರ ಆಗಸ್ಟ್ 8ರಂದು 422 ಮೈಲಿ ದೂರವನ್ನು ಎಲ್ಲಿಯೂ ನಿಲ್ಲದೆ ಕ್ರಮಿಸಿ ಉಗಿ ಇಂಜಿನ್ನುಗಳ ದಾಖಲೆ ಮಾಡಿದ್ದೂ ಸೇಬು ಹಸಿರಿನಲ್ಲೇ, 4472 ಸಂಖ್ಯೆಯಲ್ಲೇ.

ರೈಲ್ವೆಯ ಸೇವೆಯಲ್ಲಿ ಅದು ಕಳೆದದ್ದು ನಲವತ್ತು ವರ್ಷ. ಉಳಿಸಿಕೊಂಡವರ ಕೈಯಲ್ಲಿ ಕಳೆದದ್ದು ಈಗ ಅರವತ್ತನ್ನೂ ದಾಟಿದೆ. ಈ ಎರಡನೆಯ ಬದುಕಿಗೆ ಇತಿಹಾಸದ ಮಾನ್ಯತೆ ಇಲ್ಲವೆನ್ನುವುದು ಹೇಗೆ? ಜಗತ್ತಿನ ಜನ ಈ ಇಂಜಿನ್ನನ್ನು ಗುರುತಿಸುವುದೇ ಆ ರೂಪದಿಂದ. 1963ರಿಂದ 1992ರವರೆಗಿನ ರೂಪ ಖಾಸಗಿ ಒಡೆಯನ ಇಷ್ಟದಿಂದ ಹುಟ್ಟಿದ್ದು ನಿಜ. ಆದರೆ ಆ ಇಷ್ಟವಿಲ್ಲದಿದ್ದರೆ ಇವತ್ತು ಚರ್ಚಿಸಲು ಇಂಜಿನ್ನೇ ಇರುತ್ತಿರಲಿಲ್ಲ. ಅದೂ ಅಲ್ಲದೆ 2004ರಲ್ಲಿ ವಸ್ತುಸಂಗ್ರಹಾಲಯ ಇದನ್ನು 23 ಲಕ್ಷ ಪೌಂಡಿಗೂ ಹೆಚ್ಚು ಕೊಟ್ಟು ಕೊಂಡಾಗ ಆ ಮೊತ್ತಕ್ಕೆ ಸಾಮಾನ್ಯ ಜನರ ದೇಣಿಗೆಯೂ ಸೇರಿತ್ತು. ಹಣ ಕೊಟ್ಟವರ ಮನಸ್ಸಿನಲ್ಲಿದ್ದ ಬಣ್ಣ ಯಾವುದೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಹಳಿಯಂಚು (ಮೈಸೂರು)

ನಿಮ್ಮ ವಾದದ ತೂಕವನ್ನು ಒಪ್ಪುತ್ತೇನೆ. ಪೆಗ್ಲರ್ ಕೊಟ್ಟ ರೂಪಕ್ಕೂ ಒಂದು ತಾರೀಖಿದೆ. ಅದನ್ನು ‘1963ರ ರೂಪ’ ಎಂದು ಕರೆದು ಪ್ರದರ್ಶಿಸಿದರೆ ಅದರಲ್ಲಿ ಸುಳ್ಳಿಲ್ಲ. ಆದರೆ ಆ ದಾರಿ ಹಿಡಿದರೆ ಬಣ್ಣದ ಡಬ್ಬಿ ಬದಲಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಪೆಗ್ಲರ್ ಮಾಡಿದಂತೆ ಜೋಡಿ ಚಿಮಣಿ ಮತ್ತು ಫಲಕಗಳನ್ನೂ ತೆಗೆಯಬೇಕಾಗುತ್ತದೆ. 1993ರಲ್ಲಿ ಜೋಡಿ ಚಿಮಣಿ ಮರಳಿ ಬಂದದ್ದು ಅಲಂಕಾರಕ್ಕಲ್ಲ. ಆ ವ್ಯವಸ್ಥೆಯಲ್ಲಿ ಸಿಲಿಂಡರಿನಿಂದ ಹೊರಬೀಳುವ ಉಗಿ ಕಡಿಮೆ ಎದುರೊತ್ತಡದಲ್ಲಿ ಹೋಗುವುದರಿಂದ ಬೆಂಕಿಗೆ ಗಾಳಿಯ ಸೆಳೆತ ಚೆನ್ನಾಗಿ ಸಿಗುತ್ತದೆ, ಉಗಿ ಸಲೀಸಾಗಿ ಏಳುತ್ತದೆ, ಕಲ್ಲಿದ್ದಲು ಉಳಿಯುತ್ತದೆ. ಆದರೆ ಹೊಗೆ ಮೆಲ್ಲಗೆ ಹೊರಬಂದು ಬಾಯ್ಲರಿನ ಮೈಗೆ ಅಂಟಿಕೊಂಡೇ ಹಿಂದಕ್ಕೆ ಹರಿದು ಚಾಲಕನ ನೋಟವನ್ನು ಮುಚ್ಚುವುದರಿಂದ, ಗಾಳಿಯನ್ನು ಮೇಲಕ್ಕೆ ಹಾಯಿಸುವ ಫಲಕಗಳು ಬೇಕಾದವು. ಮುಖ್ಯ ಮಾರ್ಗಗಳಲ್ಲಿ ಇಂದಿಗೂ ಓಡಬೇಕಾದ ಇಂಜಿನ್ನಿನಿಂದ ಇವನ್ನು ಕೀಳಿ ಎಂದು ಯಾವ ಎಂಜಿನಿಯರನೂ ಹೇಳಲಾರ. ಲೋಹ ಹಾಗೆಯೇ ಉಳಿಯುವುದಾದರೆ ಬಣ್ಣವೇ ಲೋಹವನ್ನು ಅನುಸರಿಸಬೇಕು.

1999ರಲ್ಲಿ ನಡೆದದ್ದು ಇದಕ್ಕೆ ವಿರುದ್ಧ. ಜೋಡಿ ಚಿಮಣಿಯನ್ನು ಉಳಿಸಿಕೊಂಡೇ ಸೇಬು ಹಸಿರು ಹಚ್ಚಿ 4472 ಎಂದು ಬರೆದರು. ಆ ರೂಪ 1923ರದ್ದೂ ಅಲ್ಲ, 1947ರದ್ದೂ ಅಲ್ಲ, 1963ರದ್ದೂ ಅಲ್ಲ. ಕಣ್ಣಿಗೆ ಬಹಳ ಚೆಂದವಾಗಿತ್ತು ಎಂಬುದನ್ನು ನಾನೂ ಅಲ್ಲಗಳೆಯುವುದಿಲ್ಲ.

ಇದೇ ಪ್ರಶ್ನೆಗೆ ಇನ್ನೊಂದು ಇಂಜಿನ್ನಿನ ಮಟ್ಟಿಗೆ ಒಳ್ಳೆಯ ಉತ್ತರ ಸಿಕ್ಕಿದೆ. ಗ್ರೇಟ್ ವೆಸ್ಟರ್ನ್ ರೈಲ್ವೆಯ ಸಿಟಿ ಆಫ್ ಟ್ರೂರೋ 1903ರಲ್ಲಿ 3440 ಸಂಖ್ಯೆಯಲ್ಲಿ ಹುಟ್ಟಿತು. 1911ರಲ್ಲಿ ಅದಕ್ಕೆ ಉಗಿಯನ್ನು ಇನ್ನಷ್ಟು ಕಾಯಿಸುವ ಸೂಪರ್‌ಹೀಟರ್ ಕೂಡಿಸಿದರು. 1912ರಲ್ಲಿ ಸಂಖ್ಯೆ 3717 ಆಯಿತು. 1957ರಲ್ಲಿ ಅದನ್ನು ಮತ್ತೆ ಓಡಿಸಿದಾಗ ಸೂಪರ್‌ಹೀಟರ್ ಇದ್ದ ಮೈಯ ಮೇಲೆಯೇ ಹಳೆಯ ಅಲಂಕಾರದ ಬಣ್ಣ ಹಚ್ಚಿ 3440 ಎಂದು ಬರೆದರು. ಕೊನೆಗೆ 2010ರಲ್ಲಿ, ಆ ರೈಲ್ವೆಯ 175ನೇ ವರ್ಷದ ಆಚರಣೆಯ ವೇಳೆಗೆ, ಅದೇ ಇಂಜಿನ್ ಸರಳವಾದ ಹಸಿರು ಬಣ್ಣದಲ್ಲಿ 3717 ಆಗಿ ಕಾಣಿಸಿಕೊಂಡಿತು. ಕಣ್ಣಿಗೆ ಸಪ್ಪೆಯಾಗಿ ಕಂಡರೂ ಮೈಯಲ್ಲಿದ್ದ ಲೋಹಕ್ಕೆ ಅದೇ ಹತ್ತಿರದ ರೂಪ.

ಕಪ್ಪುಬಿಳುಪು (ಧಾರವಾಡ)

ಇಬ್ಬರೂ ಬಣ್ಣದ ಹೆಸರನ್ನು ಹಿಡಿದು ಮಾತನಾಡುತ್ತಿದ್ದೀರಿ. 1923ರ ಆ ಹಸಿರು ನಿಖರವಾಗಿ ಎಂಥದ್ದು ಎಂಬುದಕ್ಕೆ ಆಧಾರವೇನು? ಹಳೆಯ ಫೋಟೋಗಳನ್ನು ತೊಳೆದು, ಪ್ರಿಂಟ್ ಹಾಕುವ ಕೆಲಸ ನನ್ನದಾದ್ದರಿಂದ ಒಂದೆರಡು ಎಚ್ಚರಿಕೆಯ ಮಾತು ಹೇಳುತ್ತೇನೆ.

ಆ ಕಾಲದಲ್ಲಿ ಫಿಲ್ಮಿನ ಬದಲು ಕ್ಯಾಮೆರಾದಲ್ಲಿ ಬಳಸುತ್ತಿದ್ದ ಗಾಜಿನ ಫಲಕಗಳಲ್ಲಿ ಬಹುಪಾಲು ಕೆಂಪು ಬೆಳಕಿಗೆ ಸ್ಪಂದಿಸದ ಬಗೆಯವು. ಅವುಗಳಲ್ಲಿ ಕೆಂಪು ಪೂರಾ ಕಪ್ಪಾಗಿ ಬೀಳುತ್ತದೆ, ನೀಲಿ ಬಿಳುಚಿಕೊಳ್ಳುತ್ತದೆ. ಇಂಜಿನ್ನಿನ ಚೌಕಟ್ಟಿನ ಅಂಚಿಗೆ ತೆಳುವಾದ ಕೆಂಪು ಗೆರೆ ಇದ್ದರೆ ಅಂಥ ಫೋಟೋದಲ್ಲಿ ಅದು ಕಪ್ಪಿನೊಳಗೆ ಮುಳುಗಿ ಕಾಣದೇ ಹೋಗಬಹುದು. ಫೋಟೋದಲ್ಲಿ ಕಾಣುವುದಿಲ್ಲ ಎಂದ ಮಾತ್ರಕ್ಕೆ ಗೆರೆ ಇರಲಿಲ್ಲ ಎಂದು ತೀರ್ಮಾನಿಸುವಂತಿಲ್ಲ. ಇನ್ನೂ ದೊಡ್ಡ ಬಲೆ ಎಂದರೆ ಕಾರ್ಖಾನೆಯ ಅಧಿಕೃತ ಫೋಟೋಗಳು. ಹೊಸ ಇಂಜಿನ್ನಿನ ಚಿತ್ರ ತೆಗೆಯುವಾಗ ಹೊಳಪು ತಪ್ಪಿಸಿ ಪ್ರತಿಯೊಂದು ಅಂಗವೂ ಸ್ಪಷ್ಟವಾಗಿ ಕಾಣಲೆಂದು ಮೈಗೆಲ್ಲ ಮಂಕಾದ ಬೂದು ಬಣ್ಣ ಬಳಿಯುವ ಪದ್ಧತಿ ಬ್ರಿಟನ್ನಿನ ಕಾರ್ಖಾನೆಗಳಲ್ಲಿ ವ್ಯಾಪಕವಾಗಿತ್ತು. ಗೆರೆಗಳನ್ನೂ ಆ ಬೂದಿನ ಮೇಲೆಯೇ ಬಿಳಿ ಕಪ್ಪುಗಳಲ್ಲಿ ಎಳೆಯುತ್ತಿದ್ದರು. ಅಂಥ ಚಿತ್ರದಿಂದ ಅಕ್ಷರದ ಗಾತ್ರ, ಗೆರೆಯ ಜಾಗ, ಮೂಲೆಯ ತಿರುವು ಇವನ್ನು ನಂಬಬಹುದು; ಬಣ್ಣದ ಛಾಯೆಯನ್ನು ನಂಬಲಾಗದು.

1950ರ ನಂತರದ ಬಣ್ಣದ ಸ್ಲೈಡುಗಳೂ ಪೂರ್ತಿ ಸಾಕ್ಷಿಯಲ್ಲ. ಕೆಲವು ಬಗೆಯ ಫಿಲ್ಮುಗಳು ವರ್ಷ ಕಳೆದಂತೆ ಕೆಂಪಿನತ್ತ ವಾಲುತ್ತವೆ, ಕೆಲವು ನೀಲಿ ಕಳೆದುಕೊಳ್ಳುತ್ತವೆ. ಒಂದೇ ಇಂಜಿನ್ನಿನ ಎರಡು ಸ್ಲೈಡುಗಳಲ್ಲಿ ಎರಡು ಹಸಿರು ಕಂಡರೆ ಅದು ಬಿಸಿಲಿನ ವ್ಯತ್ಯಾಸವೋ ಫಿಲ್ಮಿನ ವಯಸ್ಸೋ ನಿಜವಾದ ಬಣ್ಣವೋ ಎಂದು ಬೇರ್ಪಡಿಸಲು, ಅದೇ ಚೌಕಟ್ಟಿನಲ್ಲಿ ಬಣ್ಣ ಗೊತ್ತಿರುವ ಇನ್ನೊಂದು ವಸ್ತು ಇರಬೇಕು.

ಪದರ (ಬೆಂಗಳೂರು)

ಕಪ್ಪುಬಿಳುಪು ಅವರು ಹೇಳಿದ್ದಕ್ಕೆ ಪೂರಕವಾಗಿ ಬರೆಯುತ್ತೇನೆ. ಲೋಹದ ವಸ್ತುಗಳ ಸಂರಕ್ಷಣೆಯಲ್ಲಿ ಫೋಟೋಗಿಂತ ಗಟ್ಟಿಯಾದ ಸಾಕ್ಷಿ ಬಣ್ಣದ ಪದರ. ಚೂಪಾದ ಅಲಗಿನಿಂದ ಅಕ್ಕಿಕಾಳಿಗಿಂತ ಚಿಕ್ಕ ಚೂರನ್ನು ಲೋಹದ ತಳದವರೆಗೂ ಎತ್ತಿ, ಅಂಟಿನಲ್ಲಿ ಹುದುಗಿಸಿ, ಅಡ್ಡ ಕೊಯ್ದು, ನಯಗೊಳಿಸಿ ಸೂಕ್ಷ್ಮದರ್ಶಕದಲ್ಲಿಟ್ಟರೆ ತಳದ ಪ್ರೈಮರಿನಿಂದ ಮೇಲಿನ ವಾರ್ನಿಷಿನವರೆಗೆ ಪದರಗಳು ಒಂದರ ಮೇಲೊಂದು ಕಾಣುತ್ತವೆ. ಎರಡು ಪದರಗಳ ನಡುವೆ ಮಸಿಯ ತೆಳು ಗೆರೆ ಕಂಡರೆ ಅವುಗಳ ನಡುವೆ ಇಂಜಿನ್ ಸೇವೆಯಲ್ಲಿ ಓಡಿದೆ ಎಂದರ್ಥ. ಮಸಿ ಇಲ್ಲದೆ ಎರಡು ಹಸಿರು ಅಂಟಿಕೊಂಡಿದ್ದರೆ ಅವು ಒಂದೇ ಸಲ ಹಚ್ಚಿದ ಎರಡು ಕೈಗಳು.

ಆದರೆ ಉಗಿ ಇಂಜಿನ್ನಿನಲ್ಲಿ ಎಲ್ಲಿ ಕೆರೆಯಬೇಕು ಎಂಬುದೇ ದೊಡ್ಡ ವಿಚಾರ. ನಾವು ನೋಡುವ ಹಸಿರು ಬಾಯ್ಲರಿನ ಮೇಲೆ ಇರುವುದೇ ಇಲ್ಲ. ಬಾಯ್ಲರಿಗೆ ಶಾಖ ಹಿಡಿದಿಡುವ ಹೊದಿಕೆ ಸುತ್ತಿ, ಅದರ ಮೇಲೆ ಕವಚದಂತೆ ಕೂಡಿಸಿದ ತಗಡಿನ ಹಾಳೆಗಳ ಮೇಲೆ ಅದು ಇರುತ್ತದೆ. ದೊಡ್ಡ ದುರಸ್ತಿಗಳಲ್ಲಿ ಈ ತಗಡುಗಳನ್ನು ಬಿಚ್ಚುತ್ತಾರೆ, ತುಕ್ಕು ಹಿಡಿದಿದ್ದರೆ ಹೊಸದು ಹಾಕುತ್ತಾರೆ. ಬಾಯ್ಲರುಗಳೇ ಒಂದು ಇಂಜಿನ್ನಿನಿಂದ ಇನ್ನೊಂದಕ್ಕೆ ಹೋಗುತ್ತಿದ್ದವು, ಇಂಜಿನ್ನಿನ ಹಿಂದೆ ಕಲ್ಲಿದ್ದಲು, ನೀರು ಹೊರುವ ಬಂಡಿಗಳಾದ ಟೆಂಡರುಗಳೂ ಅಷ್ಟೇ. ಹೀಗಾಗಿ ಕಣ್ಣಿಗೆ ಮುಖ್ಯವಾಗಿ ಕಾಣುವ ಜಾಗಗಳಲ್ಲಿ ಮೊದಲ ಪದರ ಸಿಗುವ ಸಾಧ್ಯತೆ ಬಹಳ ಕಡಿಮೆ. ಯಾರೂ ಮುಟ್ಟದ ಕಡೆ ಹುಡುಕಬೇಕು: ಹಿತ್ತಾಳೆಯ ಹೆಸರುಫಲಕದ ಹಿಂಬದಿ, ಚೌಕಟ್ಟಿನ ಒಳಮೈ, ಕೈಕಂಬಿಯ ಬುಡ, ಬೋಲ್ಟಿನ ತಲೆಯ ಅಡಿ.

ಇನ್ನು ಛಾಯೆ ಹೊಂದಿಸುವ ವಿಚಾರ. ಸಿಕ್ಕ ಚೂರಿನ ಹಸಿರು ಹಚ್ಚಿದ ದಿನದ ಹಸಿರಾಗಿರುವುದಿಲ್ಲ. ಅಗಸೆ ಎಣ್ಣೆಯ ವಾರ್ನಿಷ್ ಕತ್ತಲಲ್ಲಿ ಹಳದಿಯಾಗುತ್ತದೆ. ಬಿಸಿಲಿನಲ್ಲಿ ಆ ಹಳದಿ ಸ್ವಲ್ಪ ಇಳಿಯುತ್ತದೆ. ಆದ್ದರಿಂದ ಸಿಕ್ಕಿದ್ದನ್ನು ಹಾಗೆಯೇ ನಕಲು ಮಾಡಿದರೆ ಮುದಿ ಬಣ್ಣವನ್ನು ಎಳೆಯ ಮೈಗೆ ಹಚ್ಚಿದಂತಾಗುತ್ತದೆ. ಮತ್ತೊಂದು ತೊಡಕು ಎಂದರೆ, ಹಳೆಯ ಪಿಗ್ಮೆಂಟುಗಳಲ್ಲಿ ಸೀಸದ ಸಂಯುಕ್ತಗಳಿರುತ್ತಿದ್ದವು. ಇಂದಿನ ಬಣ್ಣದಲ್ಲಿ ಅವು ಇರುವುದಿಲ್ಲ. ಹೊಸ ಪಿಗ್ಮೆಂಟಿನಿಂದ ಹೊಂದಿಸಿದ ಹಸಿರು ಹೊರಗಿನ ಬೆಳಕಿನಲ್ಲಿ ಹಳೆಯದಕ್ಕೆ ತದ್ವತ್ತಾಗಿ ಕಂಡು, ಟ್ಯೂಬ್‌ಲೈಟಿನ ಕೆಳಗೆ ಬೇರೆಯಾಗಿ ಕಾಣಬಹುದು. ಮಾದರಿ ತಗಡನ್ನು ಬಿಸಿಲು, ನೆರಳು, ಒಳಗಿನ ದೀಪ ಮೂರರಲ್ಲೂ ನೋಡದೆ ಬಣ್ಣಕ್ಕೆ ಆರ್ಡರ್ ಕೊಡಬಾರದು.

ಹಳೆಯ ಇಂಜಿನ್ನುಗಳ ಮೇಲೆ ಕೈಯಿಡುವ ಉತ್ಸಾಹಿಗಳಿಗೆ ಒಂದು ಮಾತು. ಹಳೆಯ ಬಣ್ಣವನ್ನು ಒಣಗಿದ ಉಪ್ಪುಕಾಗದದಿಂದ ಉಜ್ಜಿದರೆ ಸೀಸದ ಧೂಳು ಶ್ವಾಸಕ್ಕೆ ಹೋಗುತ್ತದೆ. ನೀರು ಹಚ್ಚಿ ಉಜ್ಜಬೇಕು, ಸರಿಯಾದ ಮುಖಗವಸು ಧರಿಸಲೇಬೇಕು. ತಗಡಿನ ಕವಚದ ಅಡಿಯ ಹೊದಿಕೆಯಲ್ಲಿ ಆಸ್‌ಬೆಸ್ಟಾಸ್ ಇರುವ ಸಾಧ್ಯತೆ ಹೆಚ್ಚು. ಪರೀಕ್ಷೆ ಮಾಡಿಸದೆ ಕವಚ ಬಿಚ್ಚಬೇಡಿ.

ಕುಂಚ (ಹುಬ್ಬಳ್ಳಿ)

ನಾನು ರೈಲ್ವೆ ಕಾರ್ಯಾಗಾರದಲ್ಲಿ ಬೋಗಿಗಳಿಗೆ ಬಣ್ಣ ಹಚ್ಚಿ ನಿವೃತ್ತನಾದವನು. ಇತಿಹಾಸದ ವಾದಕ್ಕೆ ನಾನು ಇಳಿಯುವುದಿಲ್ಲ. ಆದರೆ ಯಾವ ಹಸಿರು ಎಂದು ಇಷ್ಟು ಚರ್ಚಿಸುವವರು ಅದು ಮೈಮೇಲೆ ಕೂರುವ ಬಗೆಯನ್ನೂ ತಿಳಿದುಕೊಳ್ಳಬೇಕು ಎಂದು ಬರೆಯುತ್ತಿದ್ದೇನೆ.

ಹೊಳಪು ಮೇಲಿನ ಕೋಟಿನಿಂದ ಬರುವುದಿಲ್ಲ, ತಳದಿಂದ ಬರುತ್ತದೆ. ಲೋಹವನ್ನು ಬರಿದು ಮಾಡಿದ ದಿನವೇ ಪ್ರೈಮರ್ ಬೀಳಬೇಕು. ನಮ್ಮ ಮಳೆಗಾಲದಲ್ಲಂತೂ ಒಂದು ರಾತ್ರಿ ಬಿಟ್ಟರೆ ಬೆಳಿಗ್ಗೆ ಕಂದು ತುಕ್ಕು ಎದ್ದಿರುತ್ತದೆ. ಆಮೇಲೆ ಕುಳಿ ಮುಚ್ಚಲು ಪುಟ್ಟಿ, ಅದು ಪೂರ್ತಿ ಆರಿದ ಮೇಲೆ ವಾಟರ್ ಪೇಪರಿನಿಂದ ಉಜ್ಜುವುದು. ಅಂಗೈ ಆಡಿಸಿದಾಗ ಪುಟ್ಟಿಯ ಅಂಚು ಬೆರಳಿಗೆ ತಾಗಬಾರದು. ಕಣ್ಣಿಗೆ ಕಾಣದ ಏರಿಳಿತ ಬೆರಳಿಗೆ ಸಿಗುತ್ತದೆ. ಅದನ್ನು ಅಲ್ಲಿಯೇ ಬಿಟ್ಟರೆ ಹೊಳಪಿನ ಬಣ್ಣ ಬಿದ್ದ ಮೇಲೆ ದೂರದಿಂದಲೇ ಎದ್ದು ಕಾಣುತ್ತದೆ. ನಂತರ ಅಂಡರ್‌ಕೋಟ್, ಮತ್ತೆ ಉಜ್ಜುವುದು, ಮೇಲಿನ ಬಣ್ಣ, ಗೆರೆ ಮತ್ತು ಅಕ್ಷರ, ಕೊನೆಗೆ ವಾರ್ನಿಷ್. ಆತುರ ಮಾಡಿ ಒಳಗಿನ ಕೋಟು ಹಸಿಯಿರುವಾಗಲೇ ಮೇಲಿನದು ಹಚ್ಚಿದರೆ ಬಾಯ್ಲರಿನ ಬಿಸಿ ತಾಗಿದ ಮೊದಲ ದಿನವೇ ಗುಳ್ಳೆ ಏಳುತ್ತದೆ. ಚಿಮಣಿಯ ಕೆಳಗೆ ಮುಂಭಾಗದಲ್ಲಿರುವ ಹೊಗೆಪೆಟ್ಟಿಗೆಗೆ ತಗಡಿನ ಕವಚ ಇರುವುದಿಲ್ಲ, ಬಿಸಿ ನೇರವಾಗಿ ಬಣ್ಣಕ್ಕೆ ತಟ್ಟುತ್ತದೆ. ಅಲ್ಲಿಗೆ ಶಾಖ ತಡೆಯುವ ಕಪ್ಪೇ ಬೇಕು.

ಗೆರೆ ಎಳೆಯುವುದು ಬೇರೆಯದೇ ವಿದ್ಯೆ. ಬಾಯ್ಲರಿನ ಸುತ್ತ ಬಳೆಯಂತೆ ಬಿಗಿದಿರುವ ಪಟ್ಟಿಗಳನ್ನು ಗಮನಿಸಿ. ಸೇಬು ಹಸಿರಿನ ಕಾಲದಲ್ಲಿ ಆ ಪಟ್ಟಿಗೆ ಕಪ್ಪು, ಎರಡೂ ಅಂಚಿಗೆ ಬಿಳಿ ಗೆರೆ. ಕಡು ಹಸಿರಿನ ಕಾಲದಲ್ಲಿ ಪಟ್ಟಿಗೆ ಕಪ್ಪು, ಅಂಚಿಗೆ ಕಿತ್ತಳೆ ಗೆರೆ. ಗುಂಡಾದ ಮೈಯ ಮೇಲೆ ಅದನ್ನು ಎಳೆಯಲು ಉದ್ದ ಕೂದಲಿನ ತೆಳ್ಳನೆಯ ಕುಂಚ ಬೇಕು. ಕೂದಲು ಉದ್ದವಿದ್ದಷ್ಟೂ ಬಣ್ಣ ಹೆಚ್ಚು ಹಿಡಿಯುತ್ತದೆ, ಕೈಯ ಸಣ್ಣ ನಡುಕ ಗೆರೆಗೆ ಇಳಿಯುವುದಿಲ್ಲ. ಕಿರುಬೆರಳನ್ನು ಪಟ್ಟಿಯ ಅಂಚಿಗೆ ಆನಿಸಿ, ಕುಂಚವನ್ನು ಮಲಗಿಸಿ, ಮೇಲಿನಿಂದ ಕೆಳಕ್ಕೆ ಮೈಯನ್ನೇ ಬಾಗಿಸುತ್ತ ಒಂದೇ ಎಳೆತದಲ್ಲಿ ತರಬೇಕು. ನಡುವೆ ನಿಲ್ಲಿಸಿದರೆ ಆ ಜಾಗದಲ್ಲಿ ಗೆರೆ ದಪ್ಪವಾಗುತ್ತದೆ. ಟೇಪ್ ಅಂಟಿಸಿ ಗೆರೆ ಎಳೆಯುವವರು ಈಗ ಹೆಚ್ಚು. ಟೇಪು ಕಿತ್ತಾಗ ಅಂಚು ಎದ್ದು ನಿಲ್ಲುತ್ತದೆ, ವಾರ್ನಿಷ್ ಮೇಲೂ ಕೈಗೆ ತಾಗುತ್ತದೆ. ಹತ್ತಿರದಿಂದ ನೋಡಿದವರಿಗೆ ಕೈಗೆರೆಯೋ ಟೇಪಿನ ಗೆರೆಯೋ ತಿಳಿಯದೇ ಇರುವುದಿಲ್ಲ. ಹಳೆಯ ಬಣ್ಣ ಹಳೆಯ ರೀತಿಯಲ್ಲೇ ಬರಬೇಕೆಂಬ ಆಸೆಯಿದ್ದರೆ ಛಾಯೆಯ ಜೊತೆಗೆ ಈ ಕೈಗೆರೆಯನ್ನೂ ಒತ್ತಾಯಿಸಿ ಕೇಳಿ.

ಹೊಸ ಓದುಗ (ಶಿವಮೊಗ್ಗ)

ಒಂದು ಪ್ರಶ್ನೆ ಕೇಳಬಹುದೇ? 2011ರ ಚಿತ್ರಗಳಲ್ಲಿ ಇದೇ ಇಂಜಿನ್ ಪೂರ್ತಿ ಕಪ್ಪಾಗಿದೆ. ಒಂದು ಪಕ್ಕದಲ್ಲಿ 502, ಇನ್ನೊಂದು ಪಕ್ಕದಲ್ಲಿ 103 ಎಂದು ಬರೆದಿದ್ದಾರೆ. ಇದು ಯಾವ ಕಾಲದ ರೂಪ?

ಹಳಿಯಂಚು (ಮೈಸೂರು)

ಯುದ್ಧಕಾಲದ ಕಪ್ಪು ಅದು. ಆಗ ಬಣ್ಣಕ್ಕೂ ಕೆಲಸಗಾರರಿಗೂ ಕೊರತೆ. ಇಂಜಿನ್ನುಗಳನ್ನು ಒರೆಸಿ ಹೊಳಪಾಗಿಡಲು ಜನರಿರಲಿಲ್ಲ, ಆದ್ದರಿಂದ ಗೆರೆಯಿಲ್ಲದ ಕಪ್ಪು. ಟೆಂಡರಿನ ಮೇಲಿನ ಅಕ್ಷರಗಳನ್ನೂ ನಾಲ್ಕರಿಂದ ಎರಡಕ್ಕೆ ಇಳಿಸಿದ್ದರು. 1946ರಲ್ಲಿ ಎರಡು ಸಂಖ್ಯೆಗಳು ಬೆನ್ನುಬೆನ್ನಿಗೆ ಬಂದುದನ್ನು ತೋರಿಸಲು ಎರಡು ಪಕ್ಕಗಳಲ್ಲಿ ಎರಡನ್ನೂ ಬರೆದರು. ಎರಡೂ ಏಕಕಾಲಕ್ಕೆ ಇರಲು ಸಾಧ್ಯವಿಲ್ಲದಿದ್ದರೂ ಅದನ್ನು ನಾನು ಆಕ್ಷೇಪಿಸುವುದಿಲ್ಲ, ಏಕೆಂದರೆ ಅದು ಕೆಲಸ ಮುಗಿಯುವ ಮುಂಚಿನ ತಾತ್ಕಾಲಿಕ ಪ್ರದರ್ಶನವಾಗಿತ್ತು. ಆಮೇಲೆ ಬಿರುಕುಗಳು ಪತ್ತೆಯಾಗಿ ದುರಸ್ತಿ ಮತ್ತೆ ಐದು ವರ್ಷ ಹಿಡಿಯಿತು. 2016ರ ಜನವರಿಯಲ್ಲಿ ಈಸ್ಟ್ ಲ್ಯಾಂಕಷೈರ್ ರೈಲ್ವೆಯಲ್ಲಿ ಪರೀಕ್ಷೆಗೆ ಓಡಿದ್ದೂ ಕಪ್ಪಿನಲ್ಲೇ. ಸೋರಿಕೆ, ಬಿಗಿತ ಎಲ್ಲ ಸರಿಪಡಿಸಿದ ನಂತರವೇ ಹಸಿರು ಹಚ್ಚಿದರು. ಕುಂಚ ಅವರಿಗೆ ಈ ಕ್ರಮ ಮೆಚ್ಚುಗೆಯಾಗಬಹುದು.

ಕುಂಚ (ಹುಬ್ಬಳ್ಳಿ)

ಮೆಚ್ಚುಗೆಯೇ. ಮೊದಲು ಓಡಿಸಿ ನೋಡಿ, ಆಮೇಲೆ ಬಣ್ಣ. ಸ್ಪ್ಯಾನರ್ ಹಿಡಿದ ಫಿಟ್ಟರುಗಳು ಇನ್ನೂ ಹತ್ತಿ ಇಳಿಯುತ್ತಿರುವಾಗ ಹೊಳಪಿನ ಕೋಟ್ ಹಚ್ಚಿಸುವ ಮೇಲಧಿಕಾರಿಗಳನ್ನು ನಾನು ಕಂಡಿದ್ದೇನೆ.

ಯಾರ್ಕ್‌ಷೈರ್ ಕನ್ನಡಿಗ (ಲೀಡ್ಸ್)

ಹಳಿಯಂಚು ಅವರ ತರ್ಕದೊಳಗೇ ಒಂದು ಬಾಗಿಲಿದೆ, ಅದನ್ನು ಅವರು ಗಮನಿಸಿಲ್ಲ ಎನಿಸುತ್ತದೆ. 1947ರ ಜನವರಿಯಲ್ಲಿ ಎ3 ಆಗಿ ಹೊರಬಂದಾಗ ಅದಕ್ಕೆ ಹಚ್ಚಿದ್ದು ಸೇಬು ಹಸಿರೇ. ಟೆಂಡರಿನ ಮೇಲೆ ಹಳೆಯ ಕಂಪನಿಯ ಅಕ್ಷರಗಳು, ಸಂಖ್ಯೆ 103. 1948ರ ಕೊನೆಗೆ ಅದೇ ಹಸಿರಿನ ಮೇಲೆ 60103 ಎಂಬ ಸಂಖ್ಯೆಯೂ ಬ್ರಿಟಿಷ್ ರೈಲ್ವೇಸ್ ಎಂಬ ಅಕ್ಷರಗಳೂ ಬಂದವು. ಅಂದರೆ ಸೇಬು ಹಸಿರಿನ ಎ3 ಎಂಬುದು ಕಟ್ಟುಕಥೆಯಲ್ಲ. ಸುಮಾರು ಮೂರು ವರ್ಷ ಅದು ನಿತ್ಯದ ಸೇವೆಯಲ್ಲಿತ್ತು. ಜನ ಕೇಳುವ ಬಣ್ಣ, ಇತಿಹಾಸ ಕೇಳುವ ಸಂಖ್ಯೆ ಎರಡೂ ಒಂದೆಡೆ ಸೇರುವ ರೂಪ ಇದು. ಇದನ್ನು ಯಾರೂ ಪ್ರಸ್ತಾಪಿಸುವುದೇ ಇಲ್ಲ ಎಂಬುದು ನನಗೆ ಬೇಸರ.

ಜೋಡಿ ಚಿಮಣಿ ಅಡ್ಡಿಯಾಗುತ್ತದೆ ಎಂದು ನೀವು ಹೇಳುತ್ತೀರಿ. ಆದರೆ ಓಡುವ ಇಂಜಿನ್ನಿನಲ್ಲಿ ಇಂದಿನ ಸುರಕ್ಷತಾ ಉಪಕರಣಗಳೂ ಕೂಡಿಕೊಂಡಿರುತ್ತವೆ. 1962ರ ರೂಪವೂ ಆ ಮಟ್ಟಿಗೆ ಶುದ್ಧವಲ್ಲ. ಎಲ್ಲಿಯವರೆಗೆ ರಿಯಾಯಿತಿ ಕೊಡಬೇಕು ಎಂಬ ಗೆರೆಯನ್ನು ನಾವೇ ಎಳೆಯುತ್ತಿದ್ದೇವೆ.

ಹಳಿಯಂಚು (ಮೈಸೂರು)

103 ಸಂಖ್ಯೆಯ ಸೇಬು ಹಸಿರು ಬಂದರೆ ನಾನು ಸಂತೋಷದಿಂದ ಸ್ವಾಗತಿಸುತ್ತೇನೆ. ಒಂದು ಷರತ್ತು ಮಾತ್ರ: ಅದು ಒಂಟಿ ಚಿಮಣಿಯೊಂದಿಗೆ ಬರಬೇಕು. ಮುಂದೊಂದು ದಿನ ಇಂಜಿನ್ ಓಡುವುದನ್ನು ನಿಲ್ಲಿಸಿ ಯಾರ್ಕಿನ ಸಭಾಂಗಣದಲ್ಲಿ ನಿಂತಾಗ, ಉಗಿಯ ಸೆಳೆತದ ಚಿಂತೆ ಇಲ್ಲದಿರುವಾಗ, ಅದು ಸಾಧ್ಯವಾಗುತ್ತದೆ. ಸುರಕ್ಷತಾ ಉಪಕರಣ ಮತ್ತು ಚಿಮಣಿಯನ್ನು ನಾನು ಒಂದೇ ತಕ್ಕಡಿಯಲ್ಲಿ ಇಡಲಾರೆ. ಕ್ಯಾಬಿನೊಳಗಿನ ಪೆಟ್ಟಿಗೆ ನೋಡುಗನಿಗೆ ಏನನ್ನೂ ತಪ್ಪಾಗಿ ಹೇಳುವುದಿಲ್ಲ. ಚಿಮಣಿ ಇಂಜಿನ್ನಿನ ಮುಖದ ಮೇಲೆಯೇ ಇದೆ, ಅದರ ಕಾಲವನ್ನು ಅದೇ ಸಾರುತ್ತದೆ.

ಈ ಚರ್ಚೆಯನ್ನು ನಮ್ಮೂರಿನ ಇಂಜಿನ್ನುಗಳ ಕಡೆಗೂ ಸ್ವಲ್ಪ ತಿರುಗಿಸಲು ಅನುಮತಿ ಕೊಡಿ. ಮೈಸೂರು ಸಂಸ್ಥಾನದ ರೈಲ್ವೆ 1951ರಲ್ಲಿ ದಕ್ಷಿಣ ರೈಲ್ವೆಯಲ್ಲಿ ಸೇರಿಹೋಯಿತು. 1957ರ ನಂತರ ಅಖಿಲ ಭಾರತ ಮಟ್ಟದಲ್ಲಿ ಇಂಜಿನ್ನುಗಳಿಗೆ ಹೊಸ ಸಂಖ್ಯೆಗಳು ಬಂದವು. ಆದ್ದರಿಂದ ಸಂಸ್ಥಾನದ ಕಾಲದಲ್ಲಿ ಹುಟ್ಟಿ ಆಮೇಲೂ ದುಡಿದ ಮೀಟರ್ ಗೇಜ್ ಇಂಜಿನ್ನಿಗೆ ಕನಿಷ್ಠ ಮೂರು ಗುರುತುಗಳಿರುತ್ತವೆ. ಸಂಸ್ಥಾನದ ಅಕ್ಷರಗಳನ್ನೂ 1957ರ ನಂತರದ ಸಂಖ್ಯೆಯನ್ನೂ ಒಂದೇ ಟೆಂಡರಿನ ಮೇಲೆ ಬರೆದರೆ, ಎ3ಗೆ 4472 ಬರೆದಷ್ಟೇ ತಪ್ಪಾಗುತ್ತದೆ. ನಮ್ಮಲ್ಲಿ ತೊಂದರೆ ಇದಕ್ಕಿಂತಲೂ ಮೊದಲೇ ಶುರುವಾಗುತ್ತದೆ. ಕಟ್ಟೆಯ ಮೇಲೆ ನಿಲ್ಲಿಸಿದ ಒಂದು ಇಂಜಿನ್ನಿಗೆ ಸಮಾರಂಭದ ಮುನ್ನಾದಿನ ಬಣ್ಣ ಹಚ್ಚುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ತುಕ್ಕಿನ ಮೇಲೆಯೇ ಎನಾಮಲ್ ಬಳಿದರು. ತಯಾರಕರ ಹಿತ್ತಾಳೆಯ ಫಲಕಕ್ಕೂ ಅದೇ ಕುಂಚ ಆಡಿತು, ಅದರ ಮೇಲಿನ ಇಸವಿ ಮುಚ್ಚಿಹೋಯಿತು. ಹೊಗೆಪೆಟ್ಟಿಗೆಯ ಬಾಗಿಲಿನ ಕೀಲುಗಳು ಬಣ್ಣದಲ್ಲಿ ಅಂಟಿಕೊಂಡು ಮತ್ತೆ ತೆರೆಯದಂತಾದವು. ಅದು ಯಾವ ಊರಿನದೆಂದು ಹೇಳುವ ಅಗತ್ಯವಿಲ್ಲ, ಬಹಳ ಊರುಗಳಲ್ಲಿ ಹೀಗೆಯೇ ನಡೆಯುತ್ತದೆ. ಮೂಲ ಬಣ್ಣ ಯಾವುದೆಂದು ಮುಂದೆ ಯಾರಾದರೂ ಹುಡುಕಲು ಬಂದರೆ, ಆ ಫಲಕದ ಹಿಂಬದಿಯಲ್ಲಾದರೂ ಒಂದಿಷ್ಟು ಉಳಿದಿರಲಿ ಎಂಬುದು ನನ್ನ ಆಸೆ.

ಪದರ (ಬೆಂಗಳೂರು)

ಹಳಿಯಂಚು ಅವರು ಹೇಳಿದಂಥ ಸ್ಥಿತಿಯಲ್ಲೂ ಎಲ್ಲವೂ ಕಳೆದುಹೋಗಿರುವುದಿಲ್ಲ. ಹೊಸ ಎನಾಮಲ್ ಒಂದು ರೀತಿಯಲ್ಲಿ ಅಡಿಯ ಪದರಗಳನ್ನು ಕಾಪಾಡುತ್ತದೆ. ಅಪಾಯ ಬರುವುದು ಯಾರೋ ಉತ್ಸಾಹದಿಂದ ಸ್ಯಾಂಡ್ ಬ್ಲಾಸ್ಟಿಂಗ್ ಮಾಡಿಸಿದಾಗ. ಮರಳು ಬಡಿದರೆ ನೂರು ವರ್ಷದ ಸಾಕ್ಷಿ ಒಂದು ಮಧ್ಯಾಹ್ನದಲ್ಲಿ ಧೂಳಾಗುತ್ತದೆ. ಬ್ಲಾಸ್ಟಿಂಗ್ ಅನಿವಾರ್ಯವಾದರೂ ಮೊದಲು ಚೂರುಗಳನ್ನು ತೆಗೆದು ಜಾಗದ ಹೆಸರು ಬರೆದು ಇಡಬೇಕು. ಕಾಣದ ಕಡೆ ಅಂಗೈಯಗಲದ ಜಾಗವನ್ನು ಹಳೆಯ ಪದರಗಳ ಸಮೇತ ಹಾಗೆಯೇ ಉಳಿಸಿ, ಅದರ ಮೇಲೆ ಸುಲಭವಾಗಿ ಕರಗಿಸಿ ತೆಗೆಯಬಹುದಾದ ಪಾರದರ್ಶಕ ಲೇಪ ಹಚ್ಚಬೇಕು. ಇದಕ್ಕೆ ತಗಲುವ ಖರ್ಚು ಒಟ್ಟು ಬಣ್ಣದ ಖರ್ಚಿನ ಮುಂದೆ ಲೆಕ್ಕಕ್ಕೇ ಇಲ್ಲ.

ಕಪ್ಪುಬಿಳುಪು (ಧಾರವಾಡ)

ಫೋಟೋಗಳ ಬಗ್ಗೆ ಒಂದು ಸೇರ್ಪಡೆ. ಮರುಬಣ್ಣಕ್ಕೆ ಮುಂಚೆ ಇಂಜಿನ್ನಿನ ಪ್ರತಿ ಮೈಯನ್ನೂ ಹೋಲಿಕೆಗೆಂದು ಮುದ್ರಿಸಿದ ಬಣ್ಣದ ಪಟ್ಟಿ ಮತ್ತು ಅಳತೆಗೋಲು ಪಕ್ಕದಲ್ಲಿಟ್ಟು ಮೋಡ ಕವಿದ ಬೆಳಕಿನಲ್ಲಿ ಚಿತ್ರಿಸಿಡಿ. ಬಣ್ಣದ ಪಟ್ಟಿ ಇಲ್ಲದ ಮೊಬೈಲ್ ಚಿತ್ರಗಳು, ಎಷ್ಟು ಸಾವಿರ ಇದ್ದರೂ, ಛಾಯೆಯ ವಿಚಾರದಲ್ಲಿ 1923ರ ಗಾಜಿನ ಫಲಕದಷ್ಟೇ ಮೂಕ. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಅರಸೀಕೆರೆ ಕಡೆಯ ರೈಲ್ವೆ ಕುಟುಂಬಗಳ ಹಳೆಯ ಆಲ್ಬಮ್ಮುಗಳಲ್ಲಿ ಇಂಜಿನ್ನಿನ ಮುಂದೆ ನಿಂತು ತೆಗೆಸಿಕೊಂಡ ಚಿತ್ರಗಳು ಇರುತ್ತವೆ. ಅವುಗಳಲ್ಲಿ ಟೆಂಡರಿನ ಅಕ್ಷರ, ಸಂಖ್ಯೆಯ ಜಾಗ, ಗೆರೆಯ ತಿರುವು ಕಾಣುವುದಾದರೆ ಹೆಚ್ಚಿನ ಸ್ಪಷ್ಟತೆಯಲ್ಲಿ ಸ್ಕ್ಯಾನ್ ಮಾಡಿ, ಹಿಂಬದಿಯ ಬರಹವನ್ನೂ ಸೇರಿಸಿ ಇಲ್ಲಿ ಹಾಕಿ. ಇಸವಿ ಗೊತ್ತಿಲ್ಲದಿದ್ದರೂ ಅಡ್ಡಿಯಿಲ್ಲ; ಸಂಖ್ಯೆಯ ಶೈಲಿಯಿಂದ 1957ರ ಹಿಂದಿನದೋ ಮುಂದಿನದೋ ಎಂದಾದರೂ ತಿಳಿಯುತ್ತದೆ.

ಕುಂಚ (ಹುಬ್ಬಳ್ಳಿ)

ನನ್ನಲ್ಲಿ ಅಕ್ಷರ ಬರೆಯಲು ಬಳಸುತ್ತಿದ್ದ ಕೆಲವು ಹಳೆಯ ತೂತುಕಾಗದಗಳಿವೆ. ರೇಖೆಯುದ್ದಕ್ಕೂ ಸೂಜಿಯಿಂದ ಚುಚ್ಚಿದ ಕಾಗದವನ್ನು ಮೈಗೆ ಒತ್ತಿ ಹಿಡಿದು, ಸೀಮೆಸುಣ್ಣದ ಪುಡಿ ಕಟ್ಟಿದ ಬಟ್ಟೆಯ ಗಂಟಿನಿಂದ ಮೇಲೆ ತಟ್ಟಿದರೆ ಅಕ್ಷರದ ಅಂಚು ಚುಕ್ಕಿಚುಕ್ಕಿಯಾಗಿ ಇಳಿಯುತ್ತದೆ. ಅದರ ಒಳಗೆ ಬಣ್ಣ ತುಂಬುತ್ತಿದ್ದೆವು. ಇವು ಬೋಗಿಗಳದ್ದು, ಇಂಜಿನ್ನಿನದ್ದಲ್ಲ. ಆದರೂ ದಕ್ಷಿಣ ರೈಲ್ವೆ ಕಾಲದ ಕನ್ನಡ, ಹಿಂದಿ, ಇಂಗ್ಲಿಷ್ ಅಕ್ಷರಗಳ ಅಳತೆ ಅವುಗಳಿಂದ ಸಿಗುತ್ತದೆ. ಕಪ್ಪುಬಿಳುಪು ಅವರು ಹೇಳಿದಂತೆ ಅಳತೆಗೋಲು ಪಕ್ಕದಲ್ಲಿಟ್ಟು ಚಿತ್ರ ತೆಗೆಸಿ ಈ ವಾರದೊಳಗೆ ಇಲ್ಲಿ ಹಾಕುತ್ತೇನೆ.